ಬೇವು ಸರಿ, ಸಿಮೆಂಟು ನಿಲ್ಲುತ್ತಾ?

ಹೋದ ತಿಂಗಳು ಕೆಳದವಡೆಯ ಒಂದು ಹಲ್ಲಿನ ಬುಡಕ್ಕೆ ಫಿಲ್ಲಿಂಗ್ ಮಾಡಿಸಿಕೊಂಡು, ಅರ್ಧ ಮುಖ ಮರಗಟ್ಟಿದ ಹಾಗೇ ಆಫೀಸಿಗೆ ಬಂದೆ. ಪಕ್ಕದ ಸೀಟಿನ ಗೆಳೆಯ ಕೇಳಿದ, “ಏನ್ ಹಾಕಿಸ್ಕೊಂಡೆ ಮಗಾ? ಅದೇ ಕೆಮಿಕಲ್ಲಾ? ಸ್ವಲ್ಪ ತಡೀಬೇಕಿತ್ತು. ಈಗ ಬೇವು, ತುಳಸಿ, ಗ್ರೀನ್ ಟೀ ಎಲ್ಲಾ ಹಾಕಿ ನ್ಯಾಚುರಲ್ ಫಿಲ್ಲಿಂಗ್ ಮಾಡ್ತಿದಾರಂತೆ. ಸೈಡ್ ಎಫೆಕ್ಟೇ ಇಲ್ವಂತೆ.” ಮಾತು ಮುಗಿಯೋ ಮೊದಲೇ ನನ್ನ ಫೋನಿಗೆ ಒಂದು ಫಾರ್ವರ್ಡ್ ಬಂದು ಬಿತ್ತು. ಬಾಯಿ ಮರಗಟ್ಟಿದ್ದರಿಂದ ಜಗಳ ಆಡೋಕೆ ಆಗಲಿಲ್ಲ. ಅವತ್ತು ಬಾಕಿ ಉಳಿದ ಜಗಳವನ್ನ ಇಲ್ಲಿ ಆಡ್ತಿದೀನಿ.

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ಆ ಸಂಶೋಧನೆ ಸುಳ್ಳಲ್ಲ. ಹಲ್ಲಿಗೆ ತುಂಬುವ ಸಿಮೆಂಟಿಗೆ ಗಿಡಗಳ ಸಾರ ಬೆರೆಸಿ ನೋಡುವ ಕೆಲಸ ಭಾರತದಲ್ಲೂ ನಡೀತಿದೆ, ಈಜಿಪ್ಟು, ಬ್ರೆಜಿಲ್‌ಗಳಲ್ಲೂ ನಡೀತಿದೆ. ಬೇವು, ತುಳಸಿ, ಗ್ರೀನ್ ಟೀ, ಆಲಿವ್ ಎಲೆ, ಅರಬರು ಹಲ್ಲುಜ್ಜೋಕೆ ಬಳಸುವ ಮಿಸ್ವಾಕ್ ಕಡ್ಡಿ, ಹೀಗೆ ಪಟ್ಟಿ ಉದ್ದ ಇದೆ. ನನ್ನ ತಕರಾರು ಲ್ಯಾಬಿನಲ್ಲಿ ಕೂತವರ ಜೊತೆ ಅಲ್ಲ. ಅವರು ಒಂದು ಹೆಜ್ಜೆ ಇಟ್ಟ ಕೂಡಲೇ ಅದನ್ನ “ಗಿಡದ್ದು, ಅದಕ್ಕೇ ಒಳ್ಳೇದು” ಅಂತ ತಿರುಗಿಸಿ ಊರಿಗೆಲ್ಲ ಹಂಚುವ ನಮ್ಮ ಜೊತೆ. ಈ ‘ನಮ್ಮ’ದಲ್ಲಿ ನಾನೂ ಇದ್ದೀನಿ. ಅದು ಯಾಕೆ ಅಂತ ಮುಂದೆ ಹೇಳ್ತೀನಿ.

‘ನ್ಯಾಚುರಲ್’ ಅನ್ನೋ ಪದ ಕೇಳಿದರೆ ನನ್ನ ನಾಲಿಗೆ ತಾನಾಗೇ ಹೋಗಿ ಮುಂದಿನ ಹಲ್ಲುಗಳನ್ನ ಸವರುತ್ತೆ. ನಾನು ಹುಟ್ಟಿ ಬೆಳೆದದ್ದು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮೂರಲ್ಲಿ ನನ್ನ ವಾರಿಗೆಯವರನ್ನ ನಗಿಸಿ ನೋಡಿ, ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣದಂಥ ಮಚ್ಚೆ ಕಾಣುತ್ತೆ. ಬಿಇ ಓದೋಕೆ ಬೆಂಗಳೂರಿಗೆ ಬಂದ ಮೊದಲ ವಾರವೇ ಹಾಸ್ಟೆಲ್ಲಿನಲ್ಲಿ ಒಬ್ಬ “ಗುಟ್ಕಾ ಹಾಕ್ತೀಯಾ?” ಅಂತ ಕೇಳಿದ್ದ. ಫೋಟೋ ತೆಗೆಯುವಾಗ ತುಟಿ ಮುಚ್ಚಿಕೊಂಡು ನಗುವ ಅಭ್ಯಾಸ ಇವತ್ತಿಗೂ ಹೋಗಿಲ್ಲ.

ಅದು ಗುಟ್ಕಾ ಕಲೆ ಅಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡ್. ಅದನ್ನ ಯಾವ ಫ್ಯಾಕ್ಟರಿಯೂ ತಂದು ಸುರಿದಿಲ್ಲ. ನೆಲದಡಿಯ ಬಂಡೆಗಳಲ್ಲಿರುವ ಖನಿಜಗಳಿಂದ ಕರಗಿ ತಾನಾಗೇ ನೀರಿಗೆ ಸೇರಿದ್ದು. ನೂರಕ್ಕೆ ನೂರು ನ್ಯಾಚುರಲ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯುತ್ತಾ ಬಂದರೆ ಹಲ್ಲಿನ ಹೊರಪದರವೇ ಕೆಡುತ್ತೆ. ಪ್ರಮಾಣ ಇನ್ನೂ ಜಾಸ್ತಿಯಾಗಿ ವರ್ಷಗಟ್ಟಲೆ ಕುಡಿದರೆ ಮೂಳೆಗೂ ಬರುತ್ತೆ. ಕೂತರೆ ಏಳೋಕಾಗದ, ಎದ್ದರೆ ಬೆನ್ನು ನೇರ ಮಾಡೋಕಾಗದ ಅಜ್ಜಂದಿರನ್ನ ನೋಡುತ್ತಲೇ ಬೆಳೆದವನು ನಾನು. ಪ್ರಕೃತಿ ಕೊಟ್ಟಿದ್ದೆಲ್ಲ ಒಳ್ಳೇದು ಅನ್ನುವವರನ್ನ ಒಂದು ವಾರ ನಮ್ಮೂರಲ್ಲಿ ಇರಿಸಬೇಕು ಅನಿಸುತ್ತೆ.

ಈಗ ತಮಾಷೆ ನೋಡಿ. ಮೊನ್ನೆ ನನ್ನ ಹಲ್ಲಿಗೆ ಹಾಕಿದ್ದು ಗ್ಲಾಸ್ ಅಯೊನೊಮರ್ ಅನ್ನೋ ಸಿಮೆಂಟು. ಲಂಡನ್ನಿನ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಅನ್ನೋ ಇಬ್ಬರು ರೂಪಿಸಿ, 1972ರಲ್ಲಿ ದಂತವೈದ್ಯರ ಮುಂದಿಟ್ಟ ವಸ್ತು ಇದು. ಒಂದು ಕಡೆ ಗಾಜಿನ ಪುಡಿ, ಅದರಲ್ಲಿ ಅಲ್ಯುಮಿನಿಯಂ, ಸಿಲಿಕಾ, ಕ್ಯಾಲ್ಸಿಯಂ, ಫ್ಲೋರೈಡ್ ಇರುತ್ತೆ. ಇನ್ನೊಂದು ಕಡೆ ಪಾಲಿಅಕ್ರಿಲಿಕ್ ಆಮ್ಲದ ದ್ರವ. ಎರಡನ್ನೂ ಕಲಸಿದರೆ ಆಮ್ಲ ಗಾಜಿನ ಕಣಗಳ ಅಂಚನ್ನ ತಿನ್ನುತ್ತೆ. ಹೊರಬಂದ ಕ್ಯಾಲ್ಸಿಯಂ, ಅಲ್ಯುಮಿನಿಯಂ ಅಯಾನುಗಳು ಆಮ್ಲದ ಉದ್ದುದ್ದ ಸರಪಣಿಗಳನ್ನ ಒಂದಕ್ಕೊಂದು ಕಟ್ಟಿಹಾಕುತ್ತವೆ. ಕೆಲವೇ ನಿಮಿಷದಲ್ಲಿ ಗಟ್ಟಿ. ಹಲ್ಲಿನ ಕ್ಯಾಲ್ಸಿಯಂ ಜೊತೆಗೂ ನೇರ ಬೆಸೆದುಕೊಳ್ಳೋದರಿಂದ ಬೇರೆ ಅಂಟು ಬೇಕಿಲ್ಲ. ಗಟ್ಟಿಯಾದ ಮೇಲೆ ನಿಧಾನಕ್ಕೆ ಚೂರುಚೂರೇ ಫ್ಲೋರೈಡ್ ಹೊರಬಿಡುತ್ತಾ ಇರುತ್ತೆ. ಆ ಚೂರು ಫ್ಲೋರೈಡ್ ಹುಳುಕಿನ ವಿರುದ್ಧ ಹಲ್ಲಿಗೆ ಬಲ.

ಅಂದರೆ ನನ್ನ ಹಲ್ಲು ಕೆಡಿಸಿದ್ದೂ ಫ್ಲೋರೈಡೇ, ಈಗ ಕಾವಲಿಗೆ ನಿಂತಿರೋದೂ ಫ್ಲೋರೈಡೇ. ಕೆಡಿಸಿದ್ದು ನೆಲದಿಂದ ಬಂದದ್ದು, ಕಾಯುತ್ತಿರೋದು ಲ್ಯಾಬಿನಿಂದ ಬಂದದ್ದು. ಹಾಗಾಗಿ ನ್ಯಾಚುರಲ್ಲಾ ಕೆಮಿಕಲ್ಲಾ ಅನ್ನೋ ಪ್ರಶ್ನೆಗೆ ನನ್ನ ಬಾಯಲ್ಲಿ ಅರ್ಥವೇ ಇಲ್ಲ. ಎಷ್ಟು, ಎಲ್ಲಿ, ಎಷ್ಟು ಕಾಲ ಅನ್ನೋದಷ್ಟೇ ಪ್ರಶ್ನೆ.

ಸರಿ, ಸಿಮೆಂಟಿಗೆ ಗಿಡದ ಸಾರ ಯಾಕೆ ಬೆರೆಸ್ತಾರೆ? ಕಾರಣ ಸರಿಯಾಗೇ ಇದೆ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನೋ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗೋಕೆ ಶುರು. ತೂತು ತುಂಬಿಸಿದ ಮೇಲೂ ಸಿಮೆಂಟು ಮತ್ತು ಹಲ್ಲಿನ ನಡುವಿನ ಅಂಚಿನಲ್ಲಿ ಅದೇ ಕೆಲಸ ಮತ್ತೆ ನಡೆಯುತ್ತೆ. ಹಳೇ ಫಿಲ್ಲಿಂಗ್ ಕಿತ್ತು ಹೊಸದು ಹಾಕಬೇಕಾಗಿ ಬರೋದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಸಿಮೆಂಟೇ ಬ್ಯಾಕ್ಟೀರಿಯಾ ಕೊಲ್ಲುವಂತಿದ್ದರೆ ಎಷ್ಟು ಚೆಂದ ಅಲ್ವಾ? ಆಸೆ ನ್ಯಾಯವಾದದ್ದೇ.

ನನ್ನ ಚಿಕ್ಕಪ್ಪನ ಮಗಳು ಎಂಡಿಎಸ್ ಓದ್ತಿದಾಳೆ. ಅವಳ ಥೀಸಿಸ್ ಕೂಡ ಇದೇ. ಒಂದು ಭಾನುವಾರ ಮನೆಗೆ ಬಂದವಳು ಫೋನಿನಲ್ಲಿ ಫೋಟೋ ತೋರಿಸಿದಳು. ಗಾಜಿನ ತಟ್ಟೆ, ಅದರಲ್ಲಿ ಅಗರ್ ಜೆಲ್ಲಿ, ಮೇಲೆ ಬ್ಯಾಕ್ಟೀರಿಯಾ. ನಡುವೆ ಬೇವಿನ ಸಾರ ಬೆರೆಸಿದ ಸಿಮೆಂಟಿನ ಬಿಲ್ಲೆ, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿಯಾದ ಉಂಗುರ.

“ಅಣ್ಣಾ, ಝೋನ್ ಸೂಪರಾಗಿ ಬಂದಿದೆ ನೋಡು.”

“ಬಾಯಲ್ಲೂ ಹಿಂಗೇ ಬರುತ್ತಾ?”

ನಕ್ಕುಬಿಟ್ಟಳು. “ಬಾಯಿ ಬೇರೆ ಕಥೆ ಅಣ್ಣಾ. ನನ್ನ ಥೀಸಿಸ್ಸಲ್ಲಿ ಬಾಯಲ್ಲಿ ಕೆಲಸ ಮಾಡುತ್ತೆ ಅಂತ ಎಲ್ಲೂ ಬರೆದಿಲ್ಲ.”

ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥ ಆಗಬೇಕು. ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆ ಅಂತ ಡೆವಲಪರ್ ಹೇಳಿದ ಮಾತ್ರಕ್ಕೆ ಯಾರಾದರೂ ಪ್ರೊಡಕ್ಷನ್‌ಗೆ ತಳ್ತೀವಾ? ಅಗರ್ ತಟ್ಟೆ ಅಂದರೆ ಆ ಲ್ಯಾಪ್‌ಟಾಪ್. ಬಾಯಲ್ಲಿ ಎಂಜಲು ಹರಿಯುತ್ತೆ, ಬಿಸಿ ಕಾಫಿ, ತಣ್ಣನೆ ಮಜ್ಜಿಗೆ ಬೀಳುತ್ತೆ, ನಿಪ್ಪಟ್ಟು ಕಡೀತೀವಿ. ನೂರಾರು ಜಾತಿಯ ಸೂಕ್ಷ್ಮಜೀವಿಗಳು ಹಲ್ಲಿನ ಮೇಲೆ ಅಂಟು ಪೊರೆ ಕಟ್ಟಿಕೊಂಡು ಒಟ್ಟಿಗೆ ಬದುಕುತ್ತವೆ. ತಟ್ಟೆಯಲ್ಲಿ ಒಂಟಿಯಾಗಿ ಸಿಕ್ಕಿದ ಬ್ಯಾಕ್ಟೀರಿಯಾ ಕೊಂದಷ್ಟು ಸುಲಭವಾಗಿ ಪೊರೆಯೊಳಗೆ ಅವಿತದ್ದನ್ನ ಕೊಲ್ಲೋಕಾಗಲ್ಲ.

ಇನ್ನೂ ದೊಡ್ಡ ತೊಡಕು ಆ ಉಂಗುರದ ಒಳಗೇ ಇದೆ. ಉಂಗುರ ಬಂತು ಅಂದರೆ ಸಿಮೆಂಟಿನಿಂದ ಏನೋ ಹೊರಗೆ ಹರಿದಿದೆ ಅಂತ ಅರ್ಥ. ಹರಿದು ಹೋಗಿದ್ದು ಒಂದು ದಿನ ಖಾಲಿ ಆಗಲೇಬೇಕು. ಫಿಲ್ಲಿಂಗ್ ವರ್ಷಗಟ್ಟಲೆ ಇರಬೇಕು, ಅದರೊಳಗಿನ ಸಾರ ಎಷ್ಟು ದಿನ ಬಂದೀತು? ಫ್ಲೋರೈಡ್ ಕೂಡ ಮೊದಲ ದಿನಗಳಲ್ಲಿ ಜಾಸ್ತಿ ಬಂದು ಆಮೇಲೆ ಇಳಿಯುತ್ತೆ. ಆದರೆ ಗ್ಲಾಸ್ ಅಯೊನೊಮರ್ ನಿಮ್ಮ ಟೂತ್‌ಪೇಸ್ಟಿನಿಂದ ಮತ್ತೆ ಸ್ವಲ್ಪ ಫ್ಲೋರೈಡ್ ಹೀರಿಕೊಂಡು ಆಮೇಲೆ ಬಿಡಬಲ್ಲದು. ಬೇವಿನ ಸಾರವನ್ನ ಹಾಗೆ ರೀಚಾರ್ಜ್ ಮಾಡೋದು ಹೇಗೆ? ಹರಿದು ಹೋದ ಸಾರ ಬಿಟ್ಟ ಜಾಗದಲ್ಲಿ ಏನು ಉಳಿಯುತ್ತೆ? ಪೊಳ್ಳು ಉಳಿಯಬಹುದು. ಫಿಲ್ಲಿಂಗ್‌ಗೆ ಬಳಸುವ ಈ ಸಿಮೆಂಟು ಒತ್ತಡ ತಡೆಯುವ ಪರೀಕ್ಷೆಯಲ್ಲಿ ಕನಿಷ್ಠ 100 ಮೆಗಾಪ್ಯಾಸ್ಕಲ್ ತಾಳಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಸಾರ ಸ್ವಲ್ಪ ಬೆರೆಸಿದಾಗ ಗಟ್ಟಿತನ ಹಾಗೇ ಉಳಿದ, ಹೆಚ್ಚಿದ ವರದಿಗಳೂ ಇವೆ. ಜಾಸ್ತಿ ಬೆರೆಸಿದಾಗ ಕುಸಿದ ವರದಿಗಳೂ ಇವೆ. ಬ್ಯಾಕ್ಟೀರಿಯಾಗೆ ಸಾಕಾಗುವಷ್ಟು ಹಾಕಿದರೆ ಸಿಮೆಂಟು ತಾಳುತ್ತಾ, ಸಿಮೆಂಟು ತಾಳುವಷ್ಟೇ ಹಾಕಿದರೆ ಬ್ಯಾಕ್ಟೀರಿಯಾಗೆ ಸಾಕಾಗುತ್ತಾ? ಫಾರ್ವರ್ಡ್‌ನಲ್ಲಿ ಈ ಸಾಲು ಇರಲಿಲ್ಲ.

ಎಲೆ ಅನ್ನೋದು ಒಂದೇ ವಸ್ತುವೂ ಅಲ್ಲ. ಬೇವಿನಲ್ಲಿ ನೂರಾರು ರಾಸಾಯನಿಕಗಳಿವೆ. ಹೌದು, ರಾಸಾಯನಿಕಗಳೇ. ಯುಗಾದಿಗೆ ಚಿಗುರಿದ ಎಲೆಯಲ್ಲಿ ಇದ್ದದ್ದು ಅಷ್ಟೇ ಪ್ರಮಾಣದಲ್ಲಿ ದೀಪಾವಳಿಯ ಎಲೆಯಲ್ಲಿ ಇರಬೇಕಿಲ್ಲ. ನೀರಲ್ಲಿ ಕುದಿಸಿ ತೆಗೆದ ಸಾರ ಬೇರೆ, ಆಲ್ಕೋಹಾಲಲ್ಲಿ ತೆಗೆದ ಸಾರ ಬೇರೆ. ವರ್ಷನ್ ನಂಬರೇ ಇಲ್ಲದ ಲೈಬ್ರರಿಯನ್ನ ಕೋಡಿಗೆ ಸೇರಿಸಿದ ಹಾಗೆ.

ಇದರರ್ಥ ಗಿಡಗಳಿಂದ ಏನೂ ಸಿಗಲ್ಲ ಅಂತ ಅಲ್ಲ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಅನ್ನೋ ಒಂದೇ ಅಣುವನ್ನ ಶುದ್ಧ ಮಾಡಿ, ಹಲ್ಲಿನ ಒಳಪದರದ ಕೊಲಾಜೆನ್ ಅನ್ನು ಕಡಿಯುವ ಕಿಣ್ವಗಳನ್ನ ತಡೆಯಲು ಬಳಸಿ ನೋಡ್ತಿದಾರೆ. ಅದು ಗಂಭೀರವಾದ ದಾರಿ. ಅಲ್ಲಿ ಎಲೆಯ ಮಹಿಮೆ ಇಲ್ಲ, ಒಂದು ಅಣು, ಒಂದು ಕೆಲಸ, ಒಂದು ಅಳತೆ ಇದೆ. ಜಪಾನಿನ ಸಂಶೋಧಕರು 1990ರ ದಶಕದಲ್ಲೇ ಇನ್ನೊಂದು ದಾರಿ ಹಿಡಿದರು. ಬ್ಯಾಕ್ಟೀರಿಯಾ ಕೊಲ್ಲುವ ಅಣುವನ್ನ ರೆಸಿನ್‌ಗೇ ಬೆಸೆದು, ಹರಿದು ಹೋಗದ ಹಾಗೆ ಮಾಡಿದರು. ಅದರಲ್ಲಿ ಎಲೆ ಇಲ್ಲ, ಹಾಗಾಗಿ ಅದರ ಫಾರ್ವರ್ಡ್ ನಿಮಗೆ ಯಾವತ್ತೂ ಬಂದಿರಲ್ಲ.

ಇಷ್ಟು ಹೇಳಿದರೆ ಗೆಳೆಯ ಬಿಡ್ತಾನಾ? “ನಮ್ಮ ತಾತಂದಿರು ಗಾರೆಗೆ ಬೆಲ್ಲ, ಅಳಲೆಕಾಯಿ ರಸ ಹಾಕಿ ಕಟ್ಟಿದ ಗೋಡೆ ಇನ್ನೂ ನಿಂತಿಲ್ವಾ?” ಅಂದ. ನಿಂತಿದೆ. ಒಳ್ಳೆಯ ಉದಾಹರಣೆ, ನನ್ನ ಪರವಾಗಿ. ಸುಣ್ಣದ ಗಾರೆಗೆ ಬೆಲ್ಲ ಹೊಂದುತ್ತೆ ಅಂತ ಗಾರೆ ಕೆಲಸದವರು ತಲೆಮಾರುಗಳ ಕಾಲ ಗೋಡೆ ಕಟ್ಟಿ, ಬಿದ್ದದ್ದನ್ನ ನೋಡಿ, ನಿಂತದ್ದನ್ನ ನೋಡಿ ಕಲಿತರು. ಅದೇ ಬೆಲ್ಲವನ್ನ ಇವತ್ತಿನ ಮನೆ ಕಟ್ಟುವ ಸಿಮೆಂಟಿಗೆ ಹಾಕಿ ನೋಡಿ. ಸ್ವಲ್ಪವೇ ಸಕ್ಕರೆ ಅಂಶ ಸೇರಿದರೂ ಅದು ಗಟ್ಟಿಯಾಗೋದೇ ತಡವಾಗುತ್ತೆ, ಹಾಳಾಗಲೂಬಹುದು. ಬೆಲ್ಲ ಒಂದೇ, ಗೋಡೆ ಬೇರೆ. ತಾತಂದಿರಿಂದ ಕಲಿಯಬೇಕಾದ್ದು ಬೆಲ್ಲವನ್ನಲ್ಲ, ಗೋಡೆ ನಿಂತಿತಾ ಅಂತ ನೋಡುವ ಅವರ ಶಿಸ್ತನ್ನ.

ಹಲ್ಲಿನ ವಿಷಯದಲ್ಲೂ ಇಂಥದೇ ಕಥೆ ಇದೆ. ಹಲ್ಲಿನ ಕ್ಲಿನಿಕ್ಕಿಗೆ ಹೋದಾಗ ಮೂಗಿಗೆ ಬಡಿಯುವ ವಾಸನೆ ನೆನಪಿದೆಯಾ? ಅದು ಲವಂಗ. ಲವಂಗದೆಣ್ಣೆಯ ಯೂಜಿನಾಲ್ ಅನ್ನು ಝಿಂಕ್ ಆಕ್ಸೈಡ್ ಪುಡಿ ಜೊತೆ ಕಲಸಿ ತಾತ್ಕಾಲಿಕ ಫಿಲ್ಲಿಂಗ್ ಮಾಡೋದು ಹತ್ತೊಂಬತ್ತನೇ ಶತಮಾನದಿಂದ ನಡೆದು ಬಂದಿದೆ. ನೋವು ಇಳಿಸುತ್ತೆ, ಒಳ್ಳೆಯ ವಸ್ತು. ಆದರೆ ಅದರ ಮೇಲೆ ನೇರವಾಗಿ ಹಲ್ಲಿನ ಬಣ್ಣದ ರೆಸಿನ್ ಕಾಂಪೋಸಿಟ್ ಹಾಕೋಕೆ ಡಾಕ್ಟರು ಹಿಂಜರಿತಾರೆ. ಯಾಕಂದ್ರೆ ಯೂಜಿನಾಲ್ ರೆಸಿನ್ ಸರಿಯಾಗಿ ಗಟ್ಟಿಯಾಗಲು ಅಡ್ಡಿ ಮಾಡುತ್ತೆ. ಒಂದು ಕಡೆ ಔಷಧಿ, ಇನ್ನೊಂದು ಕಡೆ ಅಡ್ಡಗಾಲು. ಗಿಡದ ಸಾರವನ್ನ ಫಿಲ್ಲಿಂಗ್‌ಗೆ ಬೆರೆಸಿದರೆ ಏನಾಗಬಹುದು ಅನ್ನೋದಕ್ಕೆ ಇದಕ್ಕಿಂತ ಹಳೆಯ ಪಾಠ ಬೇಕಾ?

ರೂಟ್ ಕೆನಾಲ್ ಮಾಡಿಸಿಕೊಂಡವರ ಹಲ್ಲಿನ ಬೇರಿನೊಳಗೂ ಒಂದು ಮರ ಕೂತಿದೆ, ಗೊತ್ತಾ? ಅಲ್ಲಿ ತುಂಬುವ ಗಟ್ಟಾಪರ್ಚಾ ಮಲಯದ ಕಡೆಯ ಒಂದು ಮರದ ಹಾಲಿನಿಂದ ಬಂದದ್ದು. ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ಲುಗಳಿಗೂ ಹೊದಿಕೆ ಇದೇ, 1851ರಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಎಳೆದ ಕೇಬಲ್ಲಿಗೂ ಇದನ್ನೇ ಸುತ್ತಿದ್ದರು. ನಮ್ಮ ಇಂಟರ್ನೆಟ್ ಕೇಬಲ್ಲುಗಳ ಮುತ್ತಜ್ಜ ಅನ್ನಿ. ಆ ಹಾಲಿಗಾಗಿ ಮರಗಳನ್ನ ಕಡಿದು ಕಡಿದು ಕಾಡೇ ಬರಿದಾಯಿತು. ‘ಗಿಡದ್ದು’ ಅಂದ ತಕ್ಷಣ ಪರಿಸರಕ್ಕೆ ಒಳ್ಳೇದು ಅನ್ನೋ ಲೆಕ್ಕವೂ ಅಲ್ಲೇ ತಪ್ಪಿತು. ದಂತವೈದ್ಯರು ಗಟ್ಟಾಪರ್ಚಾವನ್ನ ಇಟ್ಟುಕೊಂಡದ್ದು ಮರದ್ದು ಅನ್ನೋ ಭಕ್ತಿಯಿಂದಲ್ಲ. ಒಳಗೆ ಹಾಕಿದರೆ ತೆಪ್ಪಗೆ ಕೂತಿರುತ್ತೆ, ಯಾರ ತಂಟೆಗೂ ಹೋಗಲ್ಲ, ಬೇಕಾದರೆ ಮತ್ತೆ ತೆಗೆಯಬಹುದು ಅಂತ.

ಈಗ ನನ್ನ ತಪ್ಪಿನ ಕಥೆ. ನನಗೆ ಮೊದಲ ಕೆಲಸ ಸಿಕ್ಕಿದ ಹೊಸತು. ಊರಲ್ಲಿ ಅಮ್ಮನಿಗೆ ದವಡೆ ಹಲ್ಲು ನೋವು. ಫೋನಿನಲ್ಲಿ ಹೇಳಿದಾಗ ನಾನು ಎಲ್ಲೋ ಓದಿದ್ದನ್ನ ಒಪ್ಪಿಸಿದೆ, “ಲವಂಗ ಒಳ್ಳೇದಂತೆ ಅಮ್ಮಾ, ನ್ಯಾಚುರಲ್ಲು.” ಅಮ್ಮನಿಗೂ ಅದು ಗೊತ್ತಿದ್ದದ್ದೇ. ಓದಿದ ಮಗ ಬೇರೆ ಹೇಳಿಬಿಟ್ಟನಲ್ಲ. ವರ್ಷಕ್ಕೂ ಮೇಲೆ ಆ ತೂತಿಗೆ ಲವಂಗ ಒತ್ತಿಕೊಂಡೇ ಹೊಲಕ್ಕೆ ಹೋದಳು. ನಾನು ಕೇಳಿದಾಗೆಲ್ಲ “ಲವಂಗ ಇಟ್ಕಂಡಿವ್ನಿ, ಹೋಯ್ತದೆ ಬಿಡಪ್ಪಾ” ಅನ್ನೋಳು. ಒಂದು ದಿನ ನೋವು ನಿಜವಾಗಲೂ ನಿಂತೇ ಹೋಯಿತು. ಲವಂಗದಿಂದ ವಾಸಿ ಆಯ್ತು ಅಂತ ಬೀದಿಗೆಲ್ಲ ಹೇಳಿದಳು.

ನಿಂತದ್ದು ಹುಳುಕಲ್ಲ, ಹಲ್ಲಿನ ಜೀವ. ಒಳಗಿನ ನರ ಸತ್ತರೆ ನೋವೂ ನಿಲ್ಲುತ್ತೆ. ಕೆಲವು ತಿಂಗಳಾದ ಮೇಲೆ, ಕಡ್ಲೆಕಾಯಿ ಕೀಳುವ ಸುಗ್ಗಿಯಲ್ಲಿ, ಒಂದು ರಾತ್ರಿ ಕೆನ್ನೆ ಊದಿ ಕಣ್ಣು ಮುಚ್ಚಿಕೊಂಡಿತು. ಬೆಳಗಿನ ಮೊದಲ ಬಸ್ಸಿಗೆ ಅಪ್ಪ ಕರೆದುಕೊಂಡು ಹೋದರು. ಕೀವು ತೆಗೆದು, ಆ ಹಲ್ಲು ಕಿತ್ತು, ಅದಕ್ಕೆ ಅಂಟಿಕೊಂಡೇ ಹಾಳಾಗಿದ್ದ ಪಕ್ಕದ್ದನ್ನೂ ಕಿತ್ತರು. “ವರ್ಷದ ಹಿಂದೆ ಬಂದಿದ್ರೆ ಸಿಮೆಂಟ್ ಹಾಕಿ ಉಳಿಸಬಹುದಿತ್ತು” ಅಂದರಂತೆ ಡಾಕ್ಟರು. ಆ ವರ್ಷ ನನ್ನ ಸಂಬಳದಲ್ಲಿ ಒಂದು ಫಿಲ್ಲಿಂಗ್ ದೊಡ್ಡ ಖರ್ಚಾಗಿರಲಿಲ್ಲ. ದುಡ್ಡು ಕಳಿಸೋದರ ಬದಲು ಸಲಹೆ ಕಳಿಸಿದ್ದೆ. ಅಮ್ಮ ಈಗಲೂ ಕಡ್ಲೆಕಾಯಿಯನ್ನ ಒಂದೇ ದವಡೆಯಲ್ಲಿ ಅಗೀತಾಳೆ. ನೋಡಿದಾಗೆಲ್ಲ ನನಗೆ ಆ ಫೋನ್ ಕಾಲ್ ನೆನಪಾಗುತ್ತೆ.

‘ಕೆಮಿಕಲ್’ ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳಲ್ಲ. ಬೆಳ್ಳಿ ಫಿಲ್ಲಿಂಗ್ ಅಂತ ಕರೆಯುವ ಅಮಾಲ್ಗಮ್‌ನಲ್ಲಿ ಸರಿಸುಮಾರು ಅರ್ಧ ಪಾದರಸ. ಅದರ ಬಳಕೆ ಕಡಿಮೆ ಮಾಡಬೇಕು ಅಂತ 2013ರ ಮಿನಮಾಟಾ ಒಪ್ಪಂದದಲ್ಲಿ ದೇಶಗಳು ಒಪ್ಪಿಕೊಂಡಿವೆ. ಪ್ರಶ್ನೆ ಕೇಳೋದು ಸರಿ. ಆದರೆ ಸಿಮೆಂಟಿಗೆ ಕೇಳುವ ಪ್ರಶ್ನೆಯನ್ನ ಬೇವಿಗೂ ಕೇಳಬೇಕಲ್ಲ? ಒಬ್ಬನಿಗೆ ಇಂಟರ್‌ವ್ಯೂ, ಇನ್ನೊಬ್ಬನಿಗೆ ನಮ್ಮೂರವನು ಅಂತ ನೇರ ಆಫರ್ ಲೆಟರ್ ಅಂದರೆ ಹೇಗೆ? ಹಾಗೇ, ಬೇವು ಅಂದ ಕೂಡಲೇ ಮೂಢನಂಬಿಕೆ ಅಂತ ನಗುವವರೂ ಪರೀಕ್ಷೆ ಮಾಡದೇ ತೀರ್ಪು ಕೊಡುವವರೇ. ನನ್ನ ತಂಗಿಯ ತಟ್ಟೆಯ ಉಂಗುರ ನಿಜ. ಅದು ಮುಗಿದ ಉತ್ತರ ಅಲ್ಲ ಅಷ್ಟೇ.

ಹಾಗಾಗಿ ಮುಂದಿನ ಸಲ ನಿಮಗೆ ಇಂಥ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ. ಇದನ್ನ ನೋಡಿದ್ದು ತಟ್ಟೆಯಲ್ಲೋ, ಮನುಷ್ಯರ ಬಾಯಲ್ಲೋ? ಬಾಯಲ್ಲಾದರೆ ಎಷ್ಟು ವರ್ಷ, ಸಾರ ಬೆರೆಸದ ಅದೇ ಸಿಮೆಂಟಿನ ಜೊತೆ ಹೋಲಿಸಿದರಾ? ಬ್ಯಾಕ್ಟೀರಿಯಾ ಸತ್ತ ಲೆಕ್ಕದ ಜೊತೆ ಸಿಮೆಂಟು ನಿಂತ ಲೆಕ್ಕವನ್ನೂ ಕೊಟ್ಟಿದಾರಾ? ಮೂರಕ್ಕೂ ಉತ್ತರ ಇದ್ದರೆ ನಾನೇ ಮೊದಲು ಹೋಗಿ ಬೇವಿನ ಫಿಲ್ಲಿಂಗ್ ಹಾಕಿಸಿಕೊಳ್ತೀನಿ.

ನನಗೆ ನಿಜವಾಗಲೂ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಬೆಂಗಳೂರಲ್ಲಿ ಎಸಿ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿಕೊಂಡು ಯಾವ ಎಲೆಯ ಫಿಲ್ಲಿಂಗ್ ಬೇಕು ಅಂತ ನಾವು ಯೋಚಿಸ್ತೀವಿ. ನಮ್ಮೂರಿನವರಿಗೆ ಯಾವ ಫಿಲ್ಲಿಂಗೂ ಇಲ್ಲ. ನೋವು ತಡೆದು ತಡೆದು ಕೊನೆಗೆ ಕೀಳಿಸಿಕೊಂಡು ಬರೋದೇ ಅಲ್ಲಿನ ದಂತಚಿಕಿತ್ಸೆ. ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಚಿಕಿತ್ಸೆ ಸಿಗದ ಹುಳುಕಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತೆ. ಇದಕ್ಕೆ ಉಪಾಯ ಇಲ್ಲವಾ? ಇದೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಒಂದು ವಿಧಾನ ಶುರುವಾಯಿತು. ಕರೆಂಟ್ ಬೇಡ, ಡ್ರಿಲ್ ಬೇಡ. ಕೈಸಲಕರಣೆಯಲ್ಲೇ ಹುಳುಕಿನ ಮೆತ್ತನೆ ಭಾಗ ಕೆರೆದು ತೆಗೆದು, ಇದೇ ಗ್ಲಾಸ್ ಅಯೊನೊಮರ್ ತುಂಬೋದು. ಶಾಲೆಯ ಬೆಂಚಿನ ಮೇಲೆ ಮಲಗಿಸಿಯೂ ಮಾಡಬಹುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸಿಮೆಂಟನ್ನ ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು.

ನಮ್ಮ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆಯೂ ಬಂದಿದೆ. ಒಳ್ಳೇದೇ. ಹಲ್ಲು ಹೋಗುವ ಮುಂಚೆ ಒಂದು ಚಮಚ ಸಿಮೆಂಟು ಯಾಕೆ ಹಳ್ಳಿಗೆ ತಲುಪಬಾರದು? ಸಂಶೋಧನೆ ಮಾಡಬೇಕು ಅನ್ನುವವರು ಇದನ್ನೂ ಮಾಡಲಿ: ಪಾವಗಡದ ಬಿಸಿಲಿನಲ್ಲಿ, ಎಸಿ ಇಲ್ಲದ ಕೊಠಡಿಯಲ್ಲಿ ಕಲಸಿದ ಸಿಮೆಂಟು ಎಷ್ಟು ವರ್ಷ ನಿಲ್ಲುತ್ತೆ, ಫ್ಲೋರೈಡ್ ತಿಂದ ಹಲ್ಲಿಗೆ ಎಷ್ಟು ಚೆನ್ನಾಗಿ ಅಂಟುತ್ತೆ, ಮಧ್ಯಾಹ್ನದ ಊಟ ಮುಗಿಸಿದ ಮಕ್ಕಳ ಸಾಲಿನಲ್ಲಿ ಒಂದು ದಿನಕ್ಕೆ ಎಷ್ಟು ಹಲ್ಲು ಉಳಿಸಬಹುದು.

ಇದನ್ನೇ ತಂಗಿಗೆ ಹೇಳಿದೆ. “ಪ್ಲೇಟಲ್ಲಿ ಉಂಗುರ ಅಳೆಯೋಕೆ ಲ್ಯಾಬಲ್ಲಿ ಜಾಗ ಇದೆ ಅಣ್ಣಾ, ಊರಲ್ಲಿ ಬಾಯಿ ನೋಡೋಕೆ ಜಾಗ ಎಲ್ಲಿ?” ಅಂದಳು. ನಮ್ಮೂರ ಶಾಲೆಯಲ್ಲಿ ಎರಡು ಬೆಂಚು ಖಾಲಿ ಇದೆ, ರಜೆಗೆ ಬಂದಾಗ ಮೊದಲು ನಮ್ಮಮ್ಮನ ಉಳಿದ ಹಲ್ಲುಗಳಿಂದ ಶುರು ಮಾಡು ಅಂದೆ. ಸಿಮೆಂಟಿನ ದುಡ್ಡು ಈ ಸಲ ನಾನು ಕೊಡ್ತೀನಿ.